ದೊಡ್ಡ ಬಾಯಿಸಾಹೇಬರ ರಟ್ಟೆಯಳತೆ

ನಮ್ಮೂರ ನಾಡಗೌಡರ ವಾಡೆಯವರು ಹೊಲಿಗೆಯ ದಾವಲಬೀ ಅವರಿಗೆ ಒಂದು ಜರಿ ಕುಬಸದ ಕೂಲಿಯನ್ನು ಇನ್ನೂ ಕೊಟ್ಟಿಲ್ಲ. ಗಂಡ ಜಿಲಾನಸಾಬರು ಒಮ್ಮೆ ಕೇಳಿ ನೋಡಿದರು. ನಮ್ಮ ಮನೆಯವರ ಮೈಮೇಲೆ ಬೀಳದ ಕುಬಸಕ್ಕೆ ನಾವ್ಯಾಕೆ ಕೊಡಬೇಕು ಎಂಬ ಉತ್ತರ ಬಂತು. ದಾವಲಬೀ ಮಾತ್ರ ಕೇಳಲು ಹೋಗಿಲ್ಲ. ಆ ಕುಬಸದ ಮಾತು ಎತ್ತಿದರೆ ಸಾಕು, ಹಲ್ಲಿನ ನಡುವೆ ಹಿಡಿದ ಸೂಜಿಯನ್ನು ಮೊದಲು ಕೈಗೆ ತೆಗೆದುಕೊಂಡು ಆಮೇಲೆ ನಗುತ್ತಾರೆ. ಬಾಯಲ್ಲಿ ಸೂಜಿ ಇಟ್ಟುಕೊಂಡು ನಗುವಂಥ ನಗುವಲ್ಲ ಅದು. ಕೂಲಿ ಕೊಡದವರ ವಿರುದ್ಧ ಜೀವನವಿಡೀ ಗಂಟಲು ಹರಿದುಕೊಂಡವನು ನಾನು. ಬಾಕಿ ಕೂಲಿಯ ಮೇಲೆ ಹೀಗೆ ನಗುವವರನ್ನು ಇವರೊಬ್ಬರನ್ನೇ ಕಂಡಿದ್ದೇನೆ.

ದಾವಲಬೀ ತಾವರಗೇರಾದ ಮಗಳು, ಇಟಗಿ ಗುಡಿಗೆ ಹತ್ತಿರದ ನಮ್ಮೂರಿಗೆ ಸೊಸೆಯಾಗಿ ಬಂದವರು. ವಾಡೆಯ ಹೆಬ್ಬಾಗಿಲ ಮಗ್ಗುಲಲ್ಲಿ ಹಿಂದೆ ಕಾವಲಿನವನು ಕೂರುತ್ತಿದ್ದ ಒಂದು ಕೋಣೆಯಿದೆ. ಊರವರು ಅದನ್ನು ದೇವಡಿ ಕೋಣೆ ಎನ್ನುತ್ತಾರೆ. ಅದನ್ನು ಬಾಡಿಗೆಗೆ ಹಿಡಿದು ಅಲ್ಲಿ ಹೊಲಿಗೆ ಯಂತ್ರ ಇಟ್ಟಿದ್ದಾರೆ. ಜಿಲಾನಸಾಬರು ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದರು. ಮೊಬೈಲು ಬಂದು ಜನ ಗಡಿಯಾರ ಕಟ್ಟುವುದನ್ನೇ ಬಿಟ್ಟ ಮೇಲೆ ಹೆಂಡತಿಯ ಅಂಗಡಿಯಲ್ಲಿ ಹುಕ್ಕು ಹಚ್ಚುವ, ಬಟ್ಟೆ ಇಸಿದುಕೊಂಡು ಗುರುತು ಬರೆಯುವ ಕೆಲಸಕ್ಕೆ ಸೇರಿದರು. ಯಾರಾದರೂ ಕೆಣಕಿದರೆ, “ಗಡಿಯಾರದ ಮುಳ್ಳಿಗಿಂತ ಹುಕ್ಕು ಛಲೋ ಅದಾವ್ರಿ, ತಿರುಗಂಗಿಲ್ಲ,” ಎನ್ನುತ್ತಾರೆ.

ಆ ಕೋಣೆ ಬರೀ ಅಂಗಡಿಯಲ್ಲ. ಗುಡಿಕಟ್ಟೆ ಗಂಡಸರದು. ಚಹಾದಂಗಡಿ ಗಂಡಸರದು. ಪಂಚಾಯಿತಿ ಮೆಟ್ಟಿಲಂತೂ ಕೇಳಲೇಬೇಡಿ, ಅಲ್ಲಿ ಇಸ್ಪೀಟು ನಡೆಯುತ್ತದೆ. ನಮ್ಮೂರಲ್ಲಿ ಹೆಂಗಸರು ಕಾಲು ಚಾಚಿ ಕೂತು, ಅತ್ತೆಯನ್ನು ಬೈದು, ಒಂದು ಹಿಡಿ ಕಡಲೆ ತಿಂದು ಎದ್ದು ಹೋಗುವ ಜಾಗ ಅದೊಂದೇ. ಅದು ಹೋದರೆ ದಾವಲಬೀ ಹೊಲಿಗೆಯೂ ಹೋಯಿತು, ಹೆಂಗಸರ ಕಟ್ಟೆಯೂ ಹೋಯಿತು.

ಅಂಗಡಿ ಶುರುವಾದಾಗ ಒಂದು ತಾಪತ್ರಯವಿತ್ತು. ಕೊಪ್ಪಳ ಸೀಮೆಯಲ್ಲಿ ಹುಲಿಗಿಯ ಅಮ್ಮನಿಗೆ ಹರಕೆ ಹೊತ್ತು ಹುಟ್ಟಿದ ಹೆಣ್ಣುಮಕ್ಕಳೆಲ್ಲ ಹುಲಗಮ್ಮಂದಿರು. ಒಂದೇ ಓಣಿಯಲ್ಲಿ ಕೂಗಿದರೆ ಮೂರು ಬಾಗಿಲು ತೆರೆಯುತ್ತವೆ. ಇವರ ಕುಬಸ ಅವರಿಗೆ, ಅವರ ಕುಬಸ ಇನ್ನೊಬ್ಬರಿಗೆ. ಬೇರೆ ದರ್ಜಿಗಳು ಇದಕ್ಕೆ ಸುಲಭದ ದಾರಿ ಕಂಡುಕೊಂಡಿದ್ದರು: ಕರಿ ಹುಲಗಿ, ಕುಂಟ ಹುಲಗಿ, ಕೇರಿ ಹುಲಗಿ. ದಾವಲಬೀ ಬಾಯಿಗೆ ಅವು ಒಗ್ಗಲಿಲ್ಲ.

ಅವರ ಅತ್ತೆ ಹಸೀಬಾ ಒಂದು ಕಾಲಕ್ಕೆ ವಾಡೆಯ ಒಳಮನೆಯಲ್ಲೇ ಕುಳಿತು ಕೈಹೊಲಿಗೆ ಹಾಕಿದವರು. ಸೊಸೆಗೆ ಹೊಲಿಗೆ ಕಲಿಸುತ್ತ ವಾಡೆಯ ಹೆಂಗಸರ ದರ್ಜೆಗಳನ್ನೂ ಕಲಿಸಿದ್ದರು. ಗಾದಿಯ ಮೇಲಿರುವ ಗೌಡರ ಹೆಂಡತಿ ದೊಡ್ಡ ಬಾಯಿಸಾಹೇಬ. ಗೌಡರ ತಮ್ಮನ ಹೆಂಡತಿ ಸಣ್ಣ ಬಾಯಿಸಾಹೇಬ. ಹಿರಿಯ ಮಗಳು ಅಕ್ಕಾಸಾಹೇಬ. ಗೌಡರು ತೀರಿಕೊಂಡು ಗಾದಿ ಮಗನಿಗೆ ಬಂತೋ, ಅಂದಿನಿಂದ ದೊಡ್ಡ ಬಾಯಿಸಾಹೇಬ ಆಯಿಸಾಹೇಬರಾಗಿ ಹಿಂದಿನ ಕೋಣೆಗೆ ಸರಿಯಬೇಕು. ಬಿರುದೂ ಬೀಗದ ಕೈಗೊಂಚಲೂ ಸೊಸೆಗೆ. ಬಾಯಿ ತಪ್ಪಿ ಹಳೆಯ ಬಿರುದಿನಲ್ಲಿ ಕರೆದ ಆಳಿಗೆ ಅವತ್ತು ಊಟವಿಲ್ಲ. ಎಷ್ಟು ದೊಡ್ಡ ಬಿರುದು ನೋಡಿ, ನಿಂತಿದ್ದು ಒಬ್ಬ ಗಂಡಸಿನ ಉಸಿರಿನ ಮೇಲೆ. ಅವನಿಗೆ ನೆಗಡಿಯಾದರೆ ಇವರ ಪದವಿ ಸೀನುತ್ತಿತ್ತು.

ಇದನ್ನೆಲ್ಲ ಕೇಳಿಸಿಕೊಂಡ ಸೊಸೆಗೆ ಒಂದು ದಿನ ಉಪಯೋಗ ಹೊಳೆಯಿತು. ಅಂದು ಅಳತೆಗೆ ಬಂದು ನಿಂತವರು ದಲಿತರ ಕೇರಿಯ ಹುಲಗಮ್ಮ. ಸ್ಲ್ಯಾಬು ಹಾಕುವ ಗ್ಯಾಂಗಿನಲ್ಲಿ ಕಾಂಕ್ರೀಟಿನ ಬುಟ್ಟಿ ಎತ್ತಿಕೊಡುವವರು. ದಾವಲಬೀ ರಟ್ಟೆಗೆ ಟೇಪು ಸುತ್ತಿದರು, ಇನ್ನಷ್ಟು ಸಡಿಲ ಬಿಟ್ಟು ಮತ್ತೆ ಸುತ್ತಿದರು.

“ಯವ್ವಾ, ಇದೇನ ರಟ್ಟಿನೋ, ಬೇವಿನ ಬೊಡ್ಡಿನೋ?”

“ಬುಟ್ಟಿ ಎತ್ತಿ ಎತ್ತಿ ಹಿಂಗಾಗೇತಿ ಅಕ್ಕಾ. ಸ್ವಲ್ಪ ಬಿಗಿ ಮಾಡಿ ಹೊಲಿ, ಸಣ್ಣ ಕಾಣಲಿ.”

“ಬಿಗಿ ಮಾಡಿದ್ರ ಹೊಲಿಗಿ ಬಿಡತೈತಿ, ರಟ್ಟಿ ಸಣ್ಣ ಆಗಂಗಿಲ್ಲ. ಎದಕ್ಕ ಸಣ್ಣ ಕಾಣಬೇಕು? ದೊಡ್ಡ ರಟ್ಟಿ ಅಂದ್ರ ದೊಡ್ಡ ಬಾಯಿಸಾಹೇಬ. ಏನ್ರಿ, ಬರ್ಕೊಳ್ರಿ. ಇವತ್ತಿನಿಂದ ಇವರು ದೊಡ್ಡ ಬಾಯಿಸಾಹೇಬ್ರು.”

ಜಿಲಾನಸಾಬರು ನಗದೆ, ಬಟ್ಟೆಯ ಅಂಚಿಗೆ ಸೀಮೆಸುಣ್ಣದಲ್ಲಿ “ದೊಡ್ಡ ಬಾಯಿಸಾಹೇಬ” ಎಂದು ಬರೆದರು. ಗುರುತಿಗೊಂದು ಗುರುತಾಯಿತು.

ಆಮೇಲೆ ಅಂಗನವಾಡಿಯ ಹುಲಗಮ್ಮ ಸಣ್ಣ ಬಾಯಿಸಾಹೇಬರಾದರು. ಆಡು ಮೇಯಿಸುವ ಹುಲಗಮ್ಮ ಅಕ್ಕಾಸಾಹೇಬರಾದರು. ಹುಲಗಮ್ಮಂದಿರಿಗೆ ಬಿರುದು ಹಂಚಿ ಮುಗಿಯಿತು ಅನ್ನುವಷ್ಟರಲ್ಲಿ ಉಳಿದವರ ತಕರಾರು ಶುರು. ರೊಟ್ಟಿ ಮಾಡಿ ಮಾರುವ ಮುದಕಮ್ಮ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತರು.

“ಯಾಕ, ನಮ್ಮವ್ವ ನನಗ ಹುಲಗಮ್ಮ ಅಂತ ಹೆಸರಿಡಲಿಲ್ಲಂದ್ರ ನಾ ಮುದಕಿ ಮುದಕಿ ಅನಿಸ್ಕೊಂಡ ಸಾಯಬೇಕನು? ಹುಟ್ಟಿದ ದಿನಾ ಮುದಕಿ ಮಾಡ್ಯಾರ ನನಗ!”

ಅವರು ಆಯಿಸಾಹೇಬರಾದರು. ಕಳೆ ಕೀಳುವ ಮಾರೆಮ್ಮನದು ಬೇರೆಯೇ ಪಂಚಾಯಿತಿ. ಸುಗ್ಗಿ ಮುಗಿದ ಮೇಲೆ ಬಂದು ತೋಳು ಮಡಚಿ ತೋರಿಸಿ, “ನೋಡಬೇ ದಾವಲಬೀ, ಈ ವರ್ಷ ರಟ್ಟಿ ಬಲತೈತಿ, ನನ್ನ ಬಿರುದು ಮ್ಯಾಲಕ್ಕ ಏರಸು,” ಎಂದು ಅಳತೆಗೆ ನಿಲ್ಲುತ್ತಾರೆ. ಟೇಪು ಸುಳ್ಳು ಹೇಳುವುದಿಲ್ಲ. ಅವರಿಗೆ ಬಡ್ತಿ ಇನ್ನೂ ಸಿಕ್ಕಿಲ್ಲ, ಆಸೆಯೂ ಬಿಟ್ಟಿಲ್ಲ.

ಸ್ಲ್ಯಾಬಿನ ಹುಲಗಮ್ಮನ ಗಂಡ ತೀರಿಕೊಂಡಾಗ ಹೆಂಗಸರು ಗುಸುಗುಸು ಮಾಡಿದರು. ವಾಡೆಯ ಪದ್ಧತಿ ಹಿಡಿದರೆ ಈಗ ದೊಡ್ಡ ಬಾಯಿಸಾಹೇಬ ಅನ್ನುವ ಹಾಗಿಲ್ಲವಲ್ಲ. ದಾವಲಬೀ ಟೇಪು ತೆಗೆದು ಎಲ್ಲರ ಮುಂದೆ ಮತ್ತೊಮ್ಮೆ ಅಳೆದರು.

“ಗಂಡ ಹೋದ್ರ ರಟ್ಟಿ ಎಲ್ಲಿಗೆ ಹೋಗೇತಿ? ಇದ್ದಷ್ಟ ಐತಿ. ದೊಡ್ಡ ಬಾಯಿಸಾಹೇಬ್ರು ದೊಡ್ಡ ಬಾಯಿಸಾಹೇಬ್ರ.”

ಅಲ್ಲಿಗೆ ಆ ಮಾತು ಮುಗಿಯಿತು.

ಬಿರುದುಗಳು ದೇವಡಿ ಕೋಣೆಯಲ್ಲೇ ಕೂತಿದ್ದರೆ ಇದೊಂದು ತಮಾಷೆಯಾಗಿ ಮುಗಿಯುತ್ತಿತ್ತು. ಅವು ಬೀದಿಗೆ ಇಳಿದವು. ಗ್ಯಾಂಗಿನ ಮೇಸ್ತ್ರಿ ಹೊನ್ನೂರಪ್ಪ ವರ್ಷಗಟ್ಟಲೆ “ಏ ಹುಲಗಿ, ಬುಟ್ಟಿ ಎತ್ತಲೇ” ಎಂದೇ ಕೆಲಸ ತೆಗೆದವನು. ಒಂದು ದಿನ ಆತ ಕೂಗಿದರೆ ಹುಲಗಮ್ಮ ತಿರುಗಲಿಲ್ಲ. ಕಾಂಕ್ರೀಟು ಗಟ್ಟಿಯಾಗುತ್ತಿದೆ, ಮಷಿನ್ನು ತಿರುಗುತ್ತಿದೆ. ಪಕ್ಕದ ಹೆಂಗಸೊಬ್ಬರು, “ಮೇಸ್ತ್ರಿ, ಆಕಿ ಹುಲಗಿ ಅಲ್ಲೋ, ದೊಡ್ಡ ಬಾಯಿಸಾಹೇಬ್ರು,” ಎಂದರು. ಆತ ಸಿಟ್ಟಿನಲ್ಲಿ, “ಏ ದೊಡ್ಡ ಬಾಯಿಸಾಹೇಬ, ಬುಟ್ಟಿ ಎತ್ತ...” ಎಂದವನು ಅಲ್ಲೇ ನಿಂತ. ನಾಲಿಗೆ ಹೊರಳಲಿಲ್ಲ. ನೀವೂ ಒಮ್ಮೆ ಅಂದು ನೋಡಿ. ನಮ್ಮ ಕಡೆಯ ಕನ್ನಡದಲ್ಲಿ ಬಾಯಿಸಾಹೇಬ ಅಂದ ಬಾಯಿ ‘ಎತ್ತಲೇ’ ಅನ್ನಲಾರದು. ಬಿರುದು ಮುಂದೆ ನಡೆದರೆ ‘ರಿ’ ಅದರ ಸೆರಗು ಹಿಡಿದು ಬಂದೇ ಬರುತ್ತದೆ.

“...ಎತ್ರಿ,” ಎಂದ ಹೊನ್ನೂರಪ್ಪ.

ಸ್ಲ್ಯಾಬಿನ ಮೇಲೆ, ಕೆಳಗೆ, ಏಣಿಯ ಮೇಲೆ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೊನ್ನೂರಪ್ಪನೂ ನಕ್ಕ. ಆತ ಕೆಟ್ಟವನಲ್ಲ, ಕೆಟ್ಟ ರೂಢಿಯವನು. ಮಾರನೆಯ ದಿನವೂ ‘ರಿ’ ಅಂದ. ಅದರ ಮಾರನೆಯ ದಿನ ಅದು ಆತನಿಗೂ ಮರೆತುಹೋಯಿತು. ನಾವು ಸಂಘಟನೆಯವರು ಮಾನ ಮರ್ಯಾದೆಯ ಮೇಲೆ ಕೊಪ್ಪಳ, ಗಂಗಾವತಿ, ಕುಷ್ಟಗಿ ಎಲ್ಲ ಕಡೆ ಭಾಷಣ ಕುಟ್ಟಿದ್ದೇವೆ. ಈ ಒಂದು ಅಕ್ಷರ ನಮ್ಮಿಂದ ಬಂದಿರಲಿಲ್ಲ.

ಇನ್ನು ವಾಡೆಯ ಕಡೆಗೆ ಬರುತ್ತೇನೆ. ಗೌಡರು ತೀರಿಕೊಂಡ ಮೇಲೆ ಅಲ್ಲಿ ಇರುವವರು ಅವರ ಹೆಂಡತಿ ಕಳಕಮ್ಮ ಒಬ್ಬರೇ. ಮಗ ಗಾಳೇಶಗೌಡ ಕೊಪ್ಪಳದಲ್ಲಿದ್ದು ವಾರಕ್ಕೊಮ್ಮೆ ಬರುತ್ತಾನೆ. ಸೊಸೆ ಹುಬ್ಬಳ್ಳಿಯಲ್ಲಿ ಕಾಲೇಜಿನ ನೌಕರಿ. ಸಾಣಾಪುರದ ಕೆರೆಯ ದಂಡೆಯಲ್ಲಿ ದೂರದ ಪ್ರವಾಸಿಗರು ಬಂದು ಇಳಿದುಕೊಳ್ಳುವುದನ್ನು ಗಾಳೇಶ ನೋಡಿದ್ದ. ಅವರು ಇಟಗಿ ಗುಡಿ ನೋಡಲು ಈ ಕಡೆಗೂ ಬರುತ್ತಾರೆ. ಬಂದವರನ್ನು ದುಡ್ಡಿನ ಊಟಕ್ಕೆ ವಾಡೆಗೆ ಕರೆದರೆ ಹೇಗೆ? ಜೋಳದ ರೊಟ್ಟಿ, ಎಣ್ಣೆಗಾಯಿ, ಕೊನೆಗೆ ಉಯ್ಯಾಲೆಯ ಮೇಲೆ ಕುಳಿತ ದೊಡ್ಡ ಬಾಯಿಸಾಹೇಬರ ಕೈಯಿಂದ ಎಲೆಯಡಿಕೆ. ಹಿತ್ತಲಲ್ಲಿ ಹೊಸ ಅಡುಗೆಮನೆ ಕಟ್ಟಿಸಿದ. ಸ್ಲ್ಯಾಬು ಹಾಕಿದ್ದು ಹೊನ್ನೂರಪ್ಪನ ಗ್ಯಾಂಗು. ಉಯ್ಯಾಲೆಯ ಮೇಲೆ ಕೂರಲು ಹೆಂಡತಿಯನ್ನು ಕೇಳಿದ. “ನನಗ ಕ್ಲಾಸ್ ಅದಾವ. ಅದರಾಗ ನನ್ನ ಎಳೀಬ್ಯಾಡ್ರಿ,” ಎಂದು ಫೋನು ಇಟ್ಟರಂತೆ. ಉಳಿದವರು ತಾಯಿ.

ಪೆಟ್ಟಿಗೆಯ ತಳದಲ್ಲಿದ್ದ ಹಳೇ ಕಾಲದ ಜರಿ ಖಣ ತೆಗೆದುಕೊಂಡು ಗಾಳೇಶ ದೇವಡಿ ಕೋಣೆಗೆ ಬಂದ. ಬಂದ ಎಂದರೆ, ಗಾಡಿಯಿಂದ ಇಳಿಯಲಿಲ್ಲ. ಒಂದು ಕಿವಿಗೆ ಫೋನು ಹಚ್ಚಿಕೊಂಡೇ ಗಂಟು ಚಾಚಿದ. ಒಳಗೆ ಜಿಲಾನಸಾಬರೊಬ್ಬರೇ ಇದ್ದರು.

“ದೊಡ್ಡ ಬಾಯಿಸಾಹೇಬ್ರದು. ಭಾಳ ಛಲೋ ಹೊಲೀರಿ ಅಂತ ಹೇಳು. ಅಳತಿ ಐತಲ್ಲ ನಿಮ್ಮಂತೇಲಿ?”

“ಐತ್ರಿ ಗೌಡ್ರ, ಅದೇನು ಮರಿಯೂ ಅಳತೀನ್ರಿ!”

ಗಾಡಿ ಹೋಯಿತು. ದಾವಲಬೀ ಬಂದು ಗಂಟು ಬಿಚ್ಚಿ ನೋಡಿ ಬೆರಗಾದರು. ಜರಿ ಮಂಕಾಗಿಲ್ಲ, ನೇಯ್ಗೆ ಹಲಗೆಯಂತಿದೆ.

“ಯಾರದ್ರಿ ಇದು?”

“ದೊಡ್ಡ ಬಾಯಿಸಾಹೇಬ್ರದು. ಗಾಳೇಶಗೌಡ್ರು ಕೊಟ್ಟ ಹೋದ್ರು.”

“ಗೌಡ್ರು? ಹುಲಗಮ್ಮಗ?”

“ಸ್ಲ್ಯಾಬ ಹಾಕಿದ್ದಕ್ಕ ಆಯೇರಿ ಇರಬೇಕು. ಭಾಳ ಛಲೋ ಹೊಲೀರಿ ಅಂದ್ರು ಮತ್ತ.”

ನಮ್ಮಲ್ಲಿ ಸ್ಲ್ಯಾಬು ಮುಗಿದ ದಿನ ಮನೆಯವರು ಗ್ಯಾಂಗಿನವರಿಗೆ ಬಟ್ಟೆ ಆಯೇರಿ ಮಾಡುವುದು ಪದ್ಧತಿ. ಟವೆಲ್ಲೋ ಕುಬಸದ ತುಂಡೋ ಕೊಡುತ್ತಾರೆ. ಜರಿ ಖಣ ಕೊಟ್ಟವರನ್ನು ದಾವಲಬೀ ಕಂಡಿರಲಿಲ್ಲ. “ನಾಡಗೌಡರ ಕೈ ಇಷ್ಟು ಉದ್ದ ಯಾವಾಗ ಆತು?” ಎಂದು ನಕ್ಕು ಕತ್ತರಿ ಹಿಡಿದರು. ಗಂಡನಿಗಾಗಲಿ ಹೆಂಡತಿಗಾಗಲಿ ವಾಡೆಯೊಳಗೆ ಒಬ್ಬ ದೊಡ್ಡ ಬಾಯಿಸಾಹೇಬರು ಇದ್ದಾರೆಂಬುದು ನೆನಪಾಗಲಿಲ್ಲ. ಆ ಅಂಗಡಿಯಲ್ಲಿ ಕಳಕಮ್ಮನವರಿಗೆ ‘ವಾಡೆಯ ಅವ್ವಾರು’ ಎನ್ನುತ್ತಿದ್ದರು, ಅಷ್ಟೇ. ದೊಡ್ಡ ಬಾಯಿಸಾಹೇಬ ಎಂದರೆ ಊರಿಗೆಲ್ಲ ಸ್ಲ್ಯಾಬಿನ ಹುಲಗಮ್ಮ.

ಪ್ರವಾಸಿಗರ ಮೊದಲ ಊಟದ ಹಿಂದಿನ ದಿನ ಇಳಿಹೊತ್ತಿಗೆ ದಾವಲಬೀ ಹುಲಗಮ್ಮನಿಗೆ ಹೇಳಿಕಳಿಸಿದರು. ಹೆಂಗಸರು ಅದಾಗಲೇ ಕೂಡಿದ್ದರು. ಹುಲಗಮ್ಮ ಪರದೆಯ ಹಿಂದೆ ಹೋಗಿ ಕುಬಸ ತೊಟ್ಟುಕೊಂಡು ಹೊರಗೆ ಬಂದರು. ಬಾಗಿಲಿನ ಬಿಸಿಲು ಜರಿಗೆ ಬಿದ್ದು ಗೋಡೆಯೆಲ್ಲ ಚುಕ್ಕಿಚುಕ್ಕಿಯಾಯಿತು. ಹೊಲಿಗೆ ಎಲ್ಲೂ ಎಳೆದಿಲ್ಲ, ಎಲ್ಲೂ ಜೋತಿಲ್ಲ. ತೋಳಿನ ಪಟ್ಟಿ ಆ ರಟ್ಟೆಗೆ ಎರಕ ಹೊಯ್ದಂತೆ ಕುಳಿತಿತ್ತು.

“ಯವ್ವಾ, ದೃಷ್ಟಿ ತಗೀರೇ ಯಾರರ,” ಎಂದರು ಮುದಕಮ್ಮ.

ಹುಲಗಮ್ಮ ಕನ್ನಡಿಯಲ್ಲಿ ಹೊರಳಿ ಹೊರಳಿ ನೋಡಿಕೊಂಡು, “ಗೌಡ್ರು ನನಗ ಕೊಟ್ರಾ? ಖರೇ ಹೇಳು ಅಕ್ಕಾ, ಅವರಿಗೆ ಮೈಯಾಗ ಆರಾಮ ಐತಿಲ್ಲೋ?” ಎಂದರು.

ಅಷ್ಟರಲ್ಲಿ ಗಾಳೇಶ ಬಾಗಿಲಿಗೆ ಬಂದು ನಿಂತಿದ್ದ, ಕುಬಸ ಒಯ್ಯಲು.

“ಇದೇನಿದು?”

“ನೀವ ಕೊಟ್ಟಿದ್ದಲ್ರಿ ಗೌಡ್ರ,” ಎಂದರು ದಾವಲಬೀ. “ದೊಡ್ಡ ಬಾಯಿಸಾಹೇಬ್ರದು ಅಂದಿದ್ರಿ.”

“ನಮ್ಮವ್ವಂದು ಅಂದೆ! ದೊಡ್ಡ ಬಾಯಿಸಾಹೇಬ ಅಂದ್ರ ನಮ್ಮವ್ವ!”

ಜಿಲಾನಸಾಬರು ಹುಕ್ಕಿನ ಡಬ್ಬಿ ಮುಚ್ಚಿ ಮೆಲ್ಲಗೆ, “ಹೌದಲ್ಲ, ವಾಡ್ಯಾಗೂ ಒಬ್ಬರು ಅದಾರ,” ಎಂದರು. ಸಮಾಧಾನಕ್ಕೆಂದು ಹೇಳಿದ ಮಾತು, ಗಾಳೇಶನಿಗೆ ಮೆಣಸಿನಕಾಯಿ ಅರೆದು ಹಚ್ಚಿದಂತಾಯಿತು.

“ವಾಡ್ಯಾಗೂ? ವಾಡ್ಯಾಗ ಅಷ್ಟ ಇರೋದು! ನಾ ಬೋರ್ಡ ಬರಸೇನಿ, ವಾಡೆದ ಹೆಣ್ಣಮಕ್ಕಳ ಬಿರುದೆಲ್ಲ ಅದರಾಗ ಅದಾವ. ನಾಳಿ ಬಂದವರ ಮುಂದ ಬೀದಿಯಾಗ ಯಾರರ ಇಕಿಗೆ ಬಾಯಿಸಾಹೇಬ ಅಂದ್ರ ನನ್ನ ಮಾರಿ ಎಲ್ಲಿ ಇಟ್ಕೊಳ್ಳಲಿ? ದಾವಲಬಿ, ಕಿವಿಗೊಟ್ಟು ಕೇಳು. ನಾಳಿ ಮುಂಜಾನಿ ಊರ ಹೆಂಗಸರನ್ನ ಕೂಡಿಸಿ ನೀನ ಹೇಳಬೇಕು, ಹುಲಗಿ ಬರೇ ಹುಲಗಿ ಅಂತ. ಇಲ್ಲಂದ್ರ ಅಮಾಸಿ ಒಳಗ ಈ ಕೋಣಿ ಖಾಲಿ ಆಗಬೇಕು. ಆ ಕುಬಸ ಬಿಚ್ಚಿ ನಮ್ಮವ್ವನ ಅಳತಿಗೆ ಮಾಡಿಕೊಡು.”

ಹೇಳಿ ಹೋದ. ಹುಲಗಮ್ಮ ಪರದೆಯ ಹಿಂದೆ ಹೋಗಿ ಕುಬಸ ಕಳಚಿ, ಮಡಚಿ ತಂದು ಇಟ್ಟರು.

“ಅಕ್ಕಾ, ನನ್ನ ಬಿರುದು ವಾಪಸ್ ತಗೊಂಡು ನಿನ್ನ ಕೋಣಿ ಉಳಿಸ್ಕೊ. ನಾ ಹುಲಗಿ ಆಗಿ ಹುಟ್ಟೀನಿ, ಹುಲಗಿ ಆಗೇ ಬುಟ್ಟಿ ಎತ್ತತೀನಿ. ಬುಟ್ಟಿಗೇನು ಗೊತ್ತಾಕ್ಕೈತಿ?”

“ಬುಟ್ಟಿಗೆ ಗೊತ್ತಾಗಂಗಿಲ್ಲ. ಮೇಸ್ತ್ರಿಗೆ ಗೊತ್ತಾಕ್ಕೈತಿ,” ಎಂದರು ದಾವಲಬೀ. “ಹೊಲಿಗಿ ಬಿಚ್ಚಬಹುದು. ಕತ್ತರಿಸಿದ್ದು ಕೂಡಸಾಕ ಬರಂಗಿಲ್ಲ. ನಿನ್ನ ಅಳತಿಗೆ ಕತ್ತರಿಸೇನಿ, ಮುಗೀತು.”

ಹೇಳಿದ್ದೇನೋ ಗಟ್ಟಿಯಾಗಿ. ಆದರೆ ಹೆಂಗಸರು ಹೋದ ಮೇಲೆ ಯಂತ್ರದ ಮುಂದೆ ಸುಮ್ಮನೆ ಕುಳಿತರಂತೆ, ಪೆಡಲು ತುಳಿಯಲಿಲ್ಲ. ಆಮೇಲೆ ಕುಬಸವನ್ನು ಸೆರಗಿನಲ್ಲಿ ಸುತ್ತಿಕೊಂಡು, ದೀಪ ಹಚ್ಚುವ ಹೊತ್ತಿಗೆ ಕಳಕಮ್ಮನವರ ಹತ್ತಿರ ಹೋದರು.

ಕಳಕಮ್ಮ ಹಿಂದಿನ ಕೋಣೆಯಲ್ಲಿ ಟಿವಿ ನೋಡುತ್ತಿದ್ದರು. ಕುಬಸ ಕೈಗೆ ಕೊಟ್ಟರೆ ಒಂದೇ ತೋಳಿನೊಳಗೆ ತಮ್ಮ ಎರಡೂ ಕೈ ತೂರಿಸಿ ನೋಡಿದರು. ಎರಡೂ ಹಿಡಿದವು. ಅವರಿಗೆ ನಗು ತಡೆಯಲಾಗಲಿಲ್ಲ.

“ಇದರಾಗ ನನ್ನಂಥೋರು ಇಬ್ಬರು ಸಂಸಾರ ಮಾಡಬಹುದಲ್ಲಬೇ!”

ದಾವಲಬೀ ನಡೆದದ್ದನ್ನೆಲ್ಲ ಹೇಳಿದರು. ಸಣ್ಣದು ಮಾಡಲು ಹೋದರೆ ಜರಿ ಎಳೆ ಬಿಡುತ್ತದೆ, ಖಣ ಹಾಳಾಗುತ್ತದೆ ಎಂದೂ ಹೇಳಿದರು.

“ಕೈ ಹಚ್ಚಬ್ಯಾಡ,” ಎಂದರು ಕಳಕಮ್ಮ. “ನಾ ಎಲ್ಲಿ ದೊಡ್ಡ ಬಾಯಿಸಾಹೇಬ? ಗೌಡ್ರ ಮಣ್ಣು ಮುಗಿಸಿ ಬಂದ ಸಂಜಿಗೆ ನನಗ ಆಯಿಸಾಹೇಬ ಅಂದ್ರು, ಕೀಲಿಕೈ ಇಸ್ಕೊಂಡ್ರು. ಈಗ ಮಂದಿ ಬರತಾರಂತ ಮತ್ತ ದೊಡ್ಡ ಬಾಯಿಸಾಹೇಬ ಆಗಬೇಕಂತ. ನಾ ಏನು ಗೋಡೆ ಮ್ಯಾಲಿನ ಫೋಟೊನು, ಬೇಕಾದಾಗ ವರಸಿ ತೂಗಹಾಕಾಕ?”

“ಅವ್ವಾರ, ನೀವು ಕುಂದ್ರದಿದ್ರ ಸಿಟ್ಟಿನ್ಯಾಗ ನನ್ನ ಕೋಣಿ ಕಸಗೋತಾರ.”

“ಕುಂತ್ರ ನನ್ನ ಮಣಕಾಲು ಜೀವಾ ಕಸಗೋತಾವ. ಉಯ್ಯಾಲಿಯಿಂದ ಏಳಾಕಾಗಂಗಿಲ್ಲ ನನಗ.” ಕಳಕಮ್ಮ ಟಿವಿಯ ದನಿ ಏರಿಸಿದರು. “ಕುಂದ್ರಂಗಿಲ್ಲ ಅಂತ ನಾ ಹೇಳತೀನಿ. ಕೋಣಿದು ನೀವ ನೋಡ್ಕೊಳ್ರಿ. ನಾಳಿ ರೊಟ್ಟಿ ಮಾಡವರು ಯಾರು?”

ದಾವಲಬೀ ಅವರಿಗೆ ಆಗ ಹೊಳೆಯಿತು. ನಾಳೆಯ ರೊಟ್ಟಿಗೆ ಗೊತ್ತು ಮಾಡಿದ್ದು ಆಯಿಸಾಹೇಬ ಮುದಕಮ್ಮನನ್ನು, ಮಾರೆಮ್ಮನನ್ನು. ನೀರು ಹೊರಲು, ಕಟ್ಟಿಗೆ ತರಲು ಹುಲಗಮ್ಮನನ್ನೇ.

ಮಾರನೆಯ ದಿನ ಹೊಸ ಸ್ಲ್ಯಾಬಿನ ಕೆಳಗೆ ಒಲೆಗಳು ಉರಿಯುತ್ತಿದ್ದವು. ಆ ಅಡುಗೆಮನೆಯ ಸದ್ದು ಕೇಳಬೇಕಿತ್ತು ನೀವು: ರೊಟ್ಟಿ ಬಡಿಯುವ ಪಟಪಟ, ಅದರ ಮೇಲೆ ಮುದಕಮ್ಮನ ಬೈಗುಳ. ದಾವಲಬೀ, ಜಿಲಾನಸಾಬರು ಕುಬಸದ ಗಂಟು ಹಿಡಿದು ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ನನ್ನನ್ನೂ ಹೆಂಗಸರು ಕರೆಸಿದ್ದರು, “ಅಣ್ಣಾ ನೀ ಮಾತಾಡಬ್ಯಾಡ, ಸುಮ್ಮ ನಿಂದ್ರು,” ಎಂಬ ಷರತ್ತಿನ ಮೇಲೆ. ಬದುಕಿನಲ್ಲಿ ಮೊದಲ ಸಲ ಒಂದು ಹೋರಾಟದಲ್ಲಿ ಬಾಯಿ ಮುಚ್ಚಿಕೊಂಡು ನಿಂತೆ.

ಗಾಳೇಶ ಬೆವರುತ್ತ ಬಂದ. ತಾಯಿ ಉಯ್ಯಾಲೆ ಬೇಡ ಎಂದು ಬೇಳೆ ಆರಿಸುತ್ತ ಕುಳಿತುಬಿಟ್ಟಿದ್ದಾರೆ. ಬರುವವರ ಗಾಡಿ ಇಟಗಿ ಬಿಟ್ಟಿದೆಯಂತೆ.

“ದಾವಲಬಿ, ನಿನ್ನಿ ಹೇಳಿದ್ದು ಏನಾತು? ಹೇಳಿದಿ ಇವರಿಗೆಲ್ಲ?”

ದಾವಲಬೀ ಬಾಯಿ ತೆರೆಯುವ ಮೊದಲೇ ಪಟಪಟ ನಿಂತಿತು. ಎಲ್ಲ ಕೈಗಳೂ ಒಮ್ಮೆಲೇ. ಮುದಕಮ್ಮ ಹಂಚನ್ನು ಬಟ್ಟೆಯಲ್ಲಿ ಹಿಡಿದು ಕೆಳಗಿಳಿಸಿದರು.

“ಯಾಕ ನಿಂದ್ರಿಸಿದ್ರಿ?”

“ದೊಡ್ಡ ಬಾಯಿಸಾಹೇಬ್ರು ಹೇಳದ ನಾವು ರೊಟ್ಟಿ ಬಡಿಯಂಗಿಲ್ರಿ,” ಎಂದರು ಮುದಕಮ್ಮ. “ವಾಡ್ಯಾಗ ಪದ್ಧತಿ ಹಂಗ ಐತಲ್ರಿ ಗೌಡ್ರ? ಒಲಿ ಮ್ಯಾಲ ಹುಕುಂ ದೊಡ್ಡ ಬಾಯಿಸಾಹೇಬ್ರದು.”

ಹುಲಗಮ್ಮ ಮೂಲೆಯಲ್ಲಿ ಎರಡು ಕೊಡ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

“ಹುಲಗಿ, ಹೇಳು ಇವರಿಗೆ.”

ಹುಲಗಮ್ಮ ಕೊಡದೊಳಗೆ ಇಣುಕಿ ನೋಡಿದರು.

“ಹುಲಗಮ್ಮ...”

“ಈ ಊರಾಗ ಮೂರು ಮಂದಿ ಹುಲಗಮ್ಮ ಅದಾರ್ರಿ,” ಎಂದರು ಮಾರೆಮ್ಮ. “ಯಾರನ್ನ ಕರದ್ರಿ?”

ಗಾಳೇಶನ ಫೋನು ಬಡಿಯತೊಡಗಿತು. ಅವನು ಒಲೆ ನೋಡಿದ, ಹಿಟ್ಟು ನೋಡಿದ, ಹೆಂಗಸರನ್ನು ನೋಡಿದ. ಗಂಟಲು ಸರಿಮಾಡಿಕೊಂಡು ಶುರುಮಾಡಿದ.

“ದೊಡ್ಡ ಬಾಯಿಸಾಹೇಬ... ರೊಟ್ಟಿ ಮಾಡಾಕ ಹೇಳ...” ಹೊನ್ನೂರಪ್ಪ ಎಲ್ಲಿ ನಿಂತಿದ್ದನೋ ಅವನೂ ಅಲ್ಲೇ ನಿಂತ. “...ಹೇಳ್ರಿ.”

ಯಾರೂ ನಗಲಿಲ್ಲ. ಹೇಗೆ ತಡೆದುಕೊಂಡರೋ ಗೊತ್ತಿಲ್ಲ, ಮಾರೆಮ್ಮನ ಭುಜ ಮಾತ್ರ ಅಲುಗುತ್ತಿತ್ತು.

“ಹೇಳತೀನ್ರಿ ಗೌಡ್ರ,” ಎಂದರು ಹುಲಗಮ್ಮ. “ಅದಕ್ಕೂ ಮೊದಲ ನೀವೊಂದು ಹೇಳ್ರಿ. ದೇವಡಿ ಕೋಣಿ ದಾವಲಬೀ ಅವರಂತೇಲಿ ಇರತೈತಿಲ್ಲೋ?”

“ಇರತೈತಿ.”

“ಎಲ್ಲಿತನಾ?”

“ಅವರು ಹೊಲಿಯೂತನಾ ಇರತೈತಿ, ಸಾಕ? ಈಗ ರೊಟ್ಟಿ ಮಾಡ್ರವಾ!”

ಪಟಪಟ ಮತ್ತೆ ಶುರುವಾಯಿತು. ಗಾಳೇಶ ಗೋಡೆಗೆ ಒರಗಿ, “ರೊಟ್ಟಿ ಆತು, ಉಯ್ಯಾಲಿ ಮ್ಯಾಲ ಯಾರನ್ನ ಕುಂದ್ರಸಲಿ?” ಎಂದು ತನಗೆ ತಾನೇ ಹೇಳಿಕೊಂಡ. ಜಿಲಾನಸಾಬರು ಗಂಟು ಮುಂದೆ ಹಿಡಿದರು.

“ಕುಬಸ ತಯಾರೈತ್ರಿ. ಅದಕ್ಕ ಮೈನೂ ತಯಾರೈತಿ. ಬ್ಯಾರೆ ಯಾರಿಗೂ ಹತ್ತಂಗಿಲ್ಲ ಅದು.”

ಹೀಗೆ ಆ ಮಧ್ಯಾಹ್ನ ನಾಡಗೌಡರ ಉಯ್ಯಾಲೆಯ ಮೇಲೆ ಸ್ಲ್ಯಾಬಿನ ಹುಲಗಮ್ಮ ಕುಳಿತರು. ಕಳಕಮ್ಮನವರೇ ತಮ್ಮ ಇಳಕಲ್ ಸೀರೆ ತೆಗೆದು ಉಡಿಸಿದರು. ಊಟ ಮುಗಿಸಿ ಬಂದವರು ಒಬ್ಬೊಬ್ಬರಾಗಿ ಕೈಮುಗಿದು ಎಲೆಯಡಿಕೆ ತೆಗೆದುಕೊಂಡರು. ಗಾಳೇಶ ಪಕ್ಕದಲ್ಲಿ ನಿಂತು, “ದೊಡ್ಡ ಬಾಯಿಸಾಹೇಬ್ರ, ಇವರು ಬೆಂಗಳೂರಿಂದ ಬಂದಾರ್ರಿ,” ಎಂದು ಪರಿಚಯ ಮಾಡಿಸುತ್ತಿದ್ದ. ಪ್ರತಿ ಸಲವೂ ‘ರಿ’ ಹಚ್ಚಿ.

ಒಬ್ಬ ಹೆಣ್ಣುಮಗಳು ಭಕ್ತಿಯಿಂದ, “ಈ ವಾಡೆ ತುಂಬಾ ಹಳೆಯದಾ ಅಮ್ಮಾ? ನಿಮ್ಮ ಕಾಲದಲ್ಲಿ ಏನಾದ್ರೂ ಕಟ್ಟಿಸಿದ್ರಾ?” ಎಂದು ಕೇಳಿದರು.

“ಹಿಂದಿನ ಅಡಿಗಿಮನಿ ನಾನ ಕಟ್ಟೇನ್ರಿ,” ಎಂದರು ಹುಲಗಮ್ಮ.

“ಕಟ್ಟಿಸಿದ್ರಾ?”

“ಕಟ್ಟಸಲಿಲ್ರಿ, ಕಟ್ಟೀನಿ. ಅದರ ಸ್ಲ್ಯಾಬಿನ ಬುಟ್ಟಿ ಪೂರಾ ಈ ಕೈಲೇ ಎತ್ತೀನಿ.”

ಆ ಹೆಣ್ಣುಮಗಳು ರಟ್ಟೆ ನೋಡಿದರು, ಜರಿ ನೋಡಿದರು, ಏನು ತಿಳಿದರೋ ಇನ್ನೊಮ್ಮೆ ಕೈಮುಗಿದರು. ಬಾಗಿಲ ಸಂದಿಯಲ್ಲಿ ನಿಂತ ಕಳಕಮ್ಮನವರು ಸೆರಗನ್ನು ಬಾಯಿಗೆ ತುರುಕಿಕೊಂಡದ್ದನ್ನು ನಾನೇ ನೋಡಿದೆ.

ಕುಬಸ ಹುಲಗಮ್ಮನ ಹತ್ತಿರವೇ ಉಳಿಯಿತು. ಬೇರೆ ಮೈಗೆ ಅದು ಬರುವುದೂ ಇಲ್ಲ. ಗಾಳೇಶ ಕೋಣೆಯ ಮಾತನ್ನು ಮತ್ತೆ ಎತ್ತಿಲ್ಲ. ಸಾಣಾಪುರದಿಂದ ಇನ್ನೊಂದು ತಂಡ ಬಂದಾಗ ತಾನೇ ಕೇರಿಗೆ ನಡೆದು ಹೋಗಿ, “ದೊಡ್ಡ ಬಾಯಿಸಾಹೇಬ್ರು ಅದಾರೇನ್ರಿ?” ಎಂದು ಕೇಳಿದ. ಹುಲಗಮ್ಮ ಸ್ಲ್ಯಾಬಿನ ಕೂಲಿಗಿಂತ ಕಡಿಮೆಗೆ ಉಯ್ಯಾಲೆ ಹತ್ತುವುದಿಲ್ಲ ಎಂದರು, ಆ ಕೂಲಿ ಎಣಿಸಿಕೊಂಡೇ ಹತ್ತಿದರು.

ಕೆಲವು ದಿನ ಬಿಟ್ಟು ಕಳಕಮ್ಮನವರು ಕೋಲು ಊರಿಕೊಂಡು ಹೆಬ್ಬಾಗಿಲ ತನಕ ನಡೆದು ಬಂದು ದೇವಡಿ ಕೋಣೆಯ ಹಲಗೆಯ ಮೇಲೆ ಕುಳಿತರು. ತಮ್ಮ ಮನೆಯದೇ ಕೋಣೆ, ಅಲ್ಲಿ ಅವರು ಕುಳಿತದ್ದು ಅದೇ ಮೊದಲು. ಒಂದು ಹಿಡಿ ಕಡಲೆ ತಿಂದು, ಸತ್ತು ಎಷ್ಟೋ ವರ್ಷವಾದ ತಮ್ಮ ಅತ್ತೆಯನ್ನು ಮನಸಾರೆ ಬೈದರು. ಆಮೇಲೆ ತೋಳು ಚಾಚಿದರು.

“ನನಗೂ ಒಂದು ಬಿರುದು ಕೊಡಬೇ ದಾವಲಬೀ. ವಾಡೆದವು ಸಾಕಾದವು. ಅಳದು ಕೊಡು.”

ಟೇಪು ಸುತ್ತಿದರೆ ಸುತ್ತಿನ ಮೇಲೆ ಸುತ್ತು ಬಂತು. ಅಂಗಡಿಯಲ್ಲೇ ಎಲ್ಲಕ್ಕಿಂತ ಸಣ್ಣ ರಟ್ಟೆ. ದಾವಲಬೀ ಸ್ವಲ್ಪ ಯೋಚಿಸಿದರು. ಹೈದರಾಬಾದಿನ ನವಾಬರ ಮನೆಗೆ ಹೊಸದಾಗಿ ಬಂದ ಸೊಸೆಗೆ ದುಲ್ಹನ್ ಪಾಷಾ ಎನ್ನುತ್ತಿದ್ದರೆಂದು ಅತ್ತೆ ಹಸೀಬಾ ಹೇಳಿದ್ದು ಅವರ ನೆನಪಿನಲ್ಲಿತ್ತು.

“ನೀವು ನಮ್ಮ ಅಂಗಡಿಗೆ ಹೊಸಬರು. ಇವತ್ತಿನಿಂದ ದುಲ್ಹನ್ ಪಾಷಾ.”

“ಹಂಗಂದ್ರೇನಬೇ?”

“ಮದುಮಗಳ್ರಿ.”

ಮುದಕಮ್ಮ ನಕ್ಕು ನಕ್ಕು ಹಲಗೆಯಿಂದ ಕೆಳಗಿಳಿದರು. “ಎಪ್ಪತ್ತು ವರ್ಷದ ಮದುಮಗಳು! ವರಾ ಎಲ್ಲಿ ಹುಡುಕೋಣ್ರಿ?”

“ವರಾ ಬ್ಯಾಡ,” ಎಂದರು ದುಲ್ಹನ್ ಪಾಷಾ, “ಇನ್ನೊಂದು ಹಿಡಿ ಕಡ್ಲಿ ಕೊಡ.”

ಮಾರೆಮ್ಮನಿಗೆ ಮಾತ್ರ ಸಮಾಧಾನವಾಗಲಿಲ್ಲ. ನಿನ್ನೆ ಮೊನ್ನೆ ಬಂದವರಿಗೆ ಇಷ್ಟು ಚಂದದ ಬಿರುದು, ನನಗೆ ಬಡ್ತಿಯೇ ಇಲ್ಲ ಎಂದು ಈಗಲೂ ತಕರಾರು ನಡೆದಿದೆ. ನಡೆಯಲಿ.

ಈಗ ಓದುತ್ತಿರುವ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮನೆಗೆ ಮುಸುರೆ ತಿಕ್ಕಲು ಒಬ್ಬರು ಬರುತ್ತಾರಲ್ಲ, ನಿಮ್ಮ ಓಣಿ ಗುಡಿಸುವವರು, ನಿಮ್ಮ ಹೊಲದ ಕಳೆ ತೆಗೆಯುವವರು, ಅವರನ್ನು ನೀವು ಕರೆಯುವುದು ಹೇಗೆ? ವಯಸ್ಸಿನಲ್ಲಿ ನಿಮ್ಮ ತಾಯಿಯಷ್ಟಿದ್ದರೂ ‘ಬಾ, ಹೋಗು, ಏ’ ತಾನೇ? ಬಿರುದು ಕೊಡುವ ಶಕ್ತಿ ನಿಮಗಿಲ್ಲ, ಅದಕ್ಕೆ ದಾವಲಬೀ ಬೇಕು. ನೀವು ಇಷ್ಟು ಮಾಡಿ. ನಾಳೆ ಬೆಳಿಗ್ಗೆ ಅವರು ಬಾಗಿಲಿಗೆ ಬಂದಾಗ ‘ಬರ್ರಿ’ ಅನ್ನಿ, ನಿಮ್ಮ ಮಕ್ಕಳ ಕಿವಿಗೂ ಬೀಳುವಷ್ಟು ಗಟ್ಟಿಯಾಗಿ ಅನ್ನಿ. ನಾಡಿದ್ದು ಬೇಡ, ನಾಳೆಯೇ.